ಅರವತ್ತು ತುಂಬದ ಪರಂಪರೆ: ಆಧುನಿಕ ಕಟ್ಟಡಗಳನ್ನು ದಾಖಲಿಸಿ ಕಾಪಾಡುವ ಬಗೆ

ಭಾರತದಲ್ಲಿ ಕಟ್ಟಡವೊಂದು ಕಾನೂನಿನ ಕಣ್ಣಿಗೆ ಬೀಳಬೇಕಾದರೆ ಮೊದಲು ಅದಕ್ಕೆ ವಯಸ್ಸಾಗಬೇಕು. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯು ಕನಿಷ್ಠ 100 ವರ್ಷಗಳಿಂದ ಇರುವ ನಿರ್ಮಾಣಗಳನ್ನಷ್ಟೇ ಪ್ರಾಚೀನ ಸ್ಮಾರಕವೆಂದು ಪರಿಗಣಿಸುತ್ತದೆ. 1972ರ ಪುರಾತನ ವಸ್ತು ಮತ್ತು ಕಲಾನಿಧಿ ಕಾಯಿದೆಯು ಶಿಲ್ಪ, ನಾಣ್ಯ ಮುಂತಾದವುಗಳಿಗೆ 100 ವರ್ಷಗಳನ್ನೂ ಹಸ್ತಪ್ರತಿ ಮತ್ತು ದಾಖಲೆಪತ್ರಗಳಿಗೆ 75 ವರ್ಷಗಳನ್ನೂ ಗಡಿಯಾಗಿ ಇರಿಸಿದೆ. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ದೇಶ ಕಟ್ಟಿಕೊಂಡ ವಿಶ್ವವಿದ್ಯಾಲಯಗಳು, ಪ್ರಯೋಗಾಲಯಗಳು, ರಂಗಮಂದಿರಗಳು, ವಸತಿ ಬಡಾವಣೆಗಳು ಮಾತ್ರವಲ್ಲ, ಅವುಗಳ ನಕ್ಷೆಗಳು ಕೂಡ ಹೆಚ್ಚಾಗಿ ಈ ಎರಡು ಗಡಿಗಳ ಈಚೆಗೇ ಉಳಿದುಬಿಡುತ್ತವೆ. ಕಲೆಯೆಂದು ಗೌರವಿಸಲು ತೀರ ಹೊಸದು, ಬಳಕೆಗೆ ತೀರ ಹಳೆಯದು ಎಂಬ ಎರಡು ತೀರ್ಪುಗಳ ನಡುವೆ ಸಿಕ್ಕಿಕೊಂಡ ಈ ಕಟ್ಟಡಗಳು ಸದ್ದಿಲ್ಲದೆ ನೆಲಸಮವಾಗುತ್ತಿವೆ.

ಇದರ ಅತ್ಯಂತ ಕಹಿಯಾದ ನಿದರ್ಶನ ದೆಹಲಿಯ ಪ್ರಗತಿ ಮೈದಾನದಲ್ಲಿದ್ದ ಹಾಲ್ ಆಫ್ ನೇಷನ್ಸ್. ವಾಸ್ತುಶಿಲ್ಪಿ ರಾಜ್ ರೇವಾಲ್ ಮತ್ತು ರಚನಾ ಎಂಜಿನಿಯರ್ ಮಹೇಂದ್ರ ರಾಜ್ ಸೇರಿ 1972ರ ಏಷ್ಯಾ ವ್ಯಾಪಾರ ಮೇಳಕ್ಕಾಗಿ ರೂಪಿಸಿದ ಆ ಸಭಾಂಗಣವು ಸ್ಪೇಸ್ ಫ್ರೇಮ್ ಎಂಬ ಪದ್ಧತಿಯಲ್ಲಿ, ಅಂದರೆ ಮಧ್ಯೆ ಕಂಬಗಳಿಲ್ಲದಂತೆ ತ್ರಿಕೋನಾಕಾರದ ಚೌಕಟ್ಟುಗಳನ್ನು ಮೂರು ಆಯಾಮಗಳಲ್ಲಿ ಹೆಣೆದು ವಿಶಾಲ ಜಾಗವನ್ನು ಮುಚ್ಚುವ ಪದ್ಧತಿಯಲ್ಲಿ ನಿಂತಿತ್ತು. ಬೇರೆ ದೇಶಗಳು ಉಕ್ಕಿನಲ್ಲಿ ಮಾಡುತ್ತಿದ್ದ ಈ ಹೆಣಿಗೆಯನ್ನು, ಉಕ್ಕು ದುಬಾರಿಯಾಗಿ ಕೈಕೆಲಸ ಅಗ್ಗವಾಗಿದ್ದ ಅಂದಿನ ಭಾರತದಲ್ಲಿ, ಸ್ಥಳದಲ್ಲೇ ಎರಕ ಹೊಯ್ದ ಕಾಂಕ್ರೀಟಿನಲ್ಲಿ ಸಾಧಿಸಿದ್ದು ಅದರ ಹಿರಿಮೆಯಾಗಿತ್ತು. ದೆಹಲಿಯ ಪರಂಪರೆ ಸಂರಕ್ಷಣಾ ಸಮಿತಿಯು 60 ವರ್ಷ ತುಂಬದ ಕಟ್ಟಡಗಳನ್ನು ಪರಿಗಣಿಸುವುದಿಲ್ಲವೆಂಬ ನಿಲುವು ತಳೆಯಿತು; 2017ರ ಏಪ್ರಿಲ್‌ನಲ್ಲಿ 45 ವರ್ಷದ ಆ ಕಟ್ಟಡವನ್ನು ಕೆಡವಲಾಯಿತು. ತನ್ನ ಕೃತಿಯ ನಾಶದಿಂದ ಲೇಖಕನ ನೈತಿಕ ಹಕ್ಕಿಗೆ ಭಂಗ ಬಂದಿದೆಯೆಂದು ರೇವಾಲ್ ಹೂಡಿದ ದಾವೆಯನ್ನು ದೆಹಲಿ ಉಚ್ಚ ನ್ಯಾಯಾಲಯ 2019ರಲ್ಲಿ ತಳ್ಳಿಹಾಕಿತು: ಕಟ್ಟಡವನ್ನು ವಿರೂಪಗೊಳಿಸುವುದು ಬೇರೆ, ಸಂಪೂರ್ಣವಾಗಿ ಇಲ್ಲವಾಗಿಸುವುದು ಬೇರೆ, ಜಮೀನಿನ ಒಡೆಯನು ಎರಡನೆಯದನ್ನು ಮಾಡದಂತೆ ವಾಸ್ತುಶಿಲ್ಪಿ ತಡೆಯಲಾರ ಎಂಬುದು ಆ ತೀರ್ಪಿನ ಸಾರ. ಅರ್ಧ ಒಡೆದರೆ ಅಪರಾಧ, ಪೂರ್ತಿ ಒಡೆದರೆ ಹಕ್ಕು ಎಂಬ ಈ ವಿಚಿತ್ರ ತರ್ಕವೇ ಸದ್ಯಕ್ಕೆ ದಾರಿ ತೋರುತ್ತಿದೆ.

ಕಾನೂನು ಕೈಹಿಡಿಯದ ಕಡೆ ಉಳಿಯುವ ಸಾಧನ ದಾಖಲೀಕರಣವೊಂದೇ; ಆದರೆ ದಾಖಲೆಯೆಂದರೆ ಕಟ್ಟಡ ಹೋದ ಮೇಲೆ ನೆನಪಿಗೆಂದು ಇಟ್ಟುಕೊಳ್ಳುವ ಚಿತ್ರಸಂಪುಟ ಎಂಬ ಭಾವನೆ ಬಲವಾಗಿದೆ. ಕೆಡವುವ ವಾದಗಳನ್ನು ಗಮನಿಸಿದರೆ ಅವು ಸೌಂದರ್ಯದ ಬಗ್ಗೆ ಅಪರೂಪವಾಗಿ ಮಾತಾಡುತ್ತವೆ. ಸೋರಿಕೆ, ಬಿರುಕು, ತುಕ್ಕು, ದುರಸ್ತಿಯ ವೆಚ್ಚ ಇವೇ ಅವುಗಳ ಆಯುಧ. ಆದ್ದರಿಂದ ನಾಳೆ ದುರಸ್ತಿ ಮಾಡುವವನ ಕೈಗೆ ಏನು ಬೇಕೋ ಅದನ್ನು ಮುಂದಿಟ್ಟುಕೊಂಡು ರೂಪಿಸಿದ ದಾಖಲೆಯು ಕೇವಲ ನೆನಪಿಗಾಗಿ ಮಾಡಿದ ದಾಖಲೆಗಿಂತ ಹೆಚ್ಚು ಬಾಳುತ್ತದೆ, ಕಟ್ಟಡವನ್ನೂ ಬಾಳಿಸುತ್ತದೆ. ಮುಂದಿನ ಸೂಚನೆಗಳೆಲ್ಲ ಈ ಒಂದು ದೃಷ್ಟಿಯಿಂದ ಹೊರಟವು.

ಯಾವುದು ಮೊದಲು

ವಾಸ್ತುಶಿಲ್ಪದ ಚರಿತ್ರೆಯಲ್ಲಿ ಆಧುನಿಕ ಎಂಬ ಹೆಸರು ಸ್ಥೂಲವಾಗಿ 1920ರಿಂದ 1980ರ ದಶಕಗಳ ನಡುವೆ, ಕಾಂಕ್ರೀಟು, ಉಕ್ಕು ಮತ್ತು ಗಾಜುಗಳನ್ನು ಅಲಂಕಾರದ ಹೊದಿಕೆಯಿಲ್ಲದೆ ಬಳಸಿ, ಉಪಯೋಗವೇ ರೂಪವನ್ನು ನಿರ್ಧರಿಸಬೇಕೆಂಬ ನಂಬಿಕೆಯಿಂದ ಕಟ್ಟಿದ ಕಟ್ಟಡಗಳಿಗೆ ಸಲ್ಲುತ್ತದೆ. ಈ ಪರಂಪರೆಯ ರಕ್ಷಣೆಗೆ 1988ರಲ್ಲಿ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಆರಂಭವಾದ ಡೊಕೊಮೊಮೊ ಎಂಬ ಅಂತರರಾಷ್ಟ್ರೀಯ ಸಂಘಟನೆಯು ಪ್ರತಿ ಕಟ್ಟಡಕ್ಕೂ ಒಂದು ಪರಿಚಯ ಪತ್ರ ತಯಾರಿಸುವ ಕ್ರಮವನ್ನು ರೂಢಿಗೆ ತಂದಿತು. ಸ್ಮಾರಕಗಳ ಅಂತರರಾಷ್ಟ್ರೀಯ ಮಂಡಳಿ ಐಕೊಮೊಸ್ 2011ರಲ್ಲಿ ಮ್ಯಾಡ್ರಿಡ್‌ನಲ್ಲಿ ಹೊರತಂದು 2017ರಲ್ಲಿ ದೆಹಲಿಯ ಹೆಸರನ್ನೂ ಸೇರಿಸಿ ಪರಿಷ್ಕರಿಸಿದ ಮಾರ್ಗಸೂಚಿ ಇಪ್ಪತ್ತನೆಯ ಶತಮಾನದ ಪರಂಪರೆಗೇ ಮೀಸಲಾದದ್ದು. ಆ ಪರಿಷ್ಕರಣೆ ನಡೆದದ್ದು ಹಾಲ್ ಆಫ್ ನೇಷನ್ಸ್ ಉರುಳಿದ ವರ್ಷವೇ ಎಂಬುದನ್ನು ಗಮನಿಸದೆ ಇರಲಾಗದು.

ಕರ್ನಾಟಕದ ಮಟ್ಟಿಗೆ ಈ ಪಟ್ಟಿ ಚಿಕ್ಕದೇನೂ ಅಲ್ಲ. ನಾಟ್ಸಿ ಜರ್ಮನಿಯನ್ನು ತೊರೆದು ಬಂದ ಓಟ್ಟೊ ಕ್ಯೋನಿಗ್ಸ್‌ಬರ್ಗರ್ 1939ರಿಂದ ಮೈಸೂರು ಸಂಸ್ಥಾನದ ಸರ್ಕಾರಿ ವಾಸ್ತುಶಿಲ್ಪಿಯಾಗಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ರೂಪಿಸಿದ ಏರೋನಾಟಿಕ್ಸ್ ವಿಭಾಗದ ಕಟ್ಟಡ, ಚಾರ್ಲ್ಸ್ ಕೊರಿಯಾ ಜೀವ ವಿಮಾ ನಿಗಮಕ್ಕಾಗಿ ವಿನ್ಯಾಸಗೊಳಿಸಿದ ವಿಶ್ವೇಶ್ವರಯ್ಯ ಸೆಂಟರ್, ಬಿ.ವಿ. ದೋಶಿ ಬನ್ನೇರುಘಟ್ಟ ರಸ್ತೆಯಲ್ಲಿ ಊರಿನ ಕಗ್ಗಲ್ಲಿನಿಂದಲೇ ಕಟ್ಟಿಸಿದ ಐಐಎಂ ಆವರಣ ಇವು ಎಲ್ಲರಿಗೂ ಕಾಣುವ ಹೆಸರುಗಳು. ಪ್ರಸಿದ್ಧರ ಕಟ್ಟಡಗಳಿಗೆ ಒಂದಲ್ಲ ಒಂದು ದಿನ ವಕಾಲತ್ತು ವಹಿಸುವವರು ಸಿಗುತ್ತಾರೆ. ನಿಜವಾದ ಅಪಾಯ ಇರುವುದು ಲೋಕೋಪಯೋಗಿ ಇಲಾಖೆಯ ಹೆಸರಿಲ್ಲದ ಎಂಜಿನಿಯರುಗಳು ತಾಲ್ಲೂಕು ಕೇಂದ್ರಗಳಲ್ಲಿ ಕಟ್ಟಿಸಿದ ಗ್ರಂಥಾಲಯ, ಆಸ್ಪತ್ರೆ, ಕಾಲೇಜು, ಬಸ್ ನಿಲ್ದಾಣಗಳಿಗೆ ಮತ್ತು ಒಂದೇ ತೆರೆಯ ಹಳೆಯ ಚಿತ್ರಮಂದಿರಗಳಿಗೆ. ಮುಂಬೈಯ ಆರ್ಟ್ ಡೆಕೊ ಮುಂಬೈ ಟ್ರಸ್ಟ್ ಈ ವಿಷಯದಲ್ಲಿ ಅನುಕರಿಸಲು ಯೋಗ್ಯವಾದ ಮಾದರಿ: ಅದು ಬೀದಿ ಬೀದಿಯಾಗಿ ಸಾಮಾನ್ಯ ವಾಸದ ಮನೆಗಳನ್ನೂ ಪಟ್ಟಿ ಮಾಡುತ್ತ ಬಂದಿದೆ. 2018ರಲ್ಲಿ ಮುಂಬೈಯ ಆರ್ಟ್ ಡೆಕೊ ಕಟ್ಟಡಗಳ ಸಮೂಹಕ್ಕೆ, ಅಲ್ಲಿನ ವಿಕ್ಟೋರಿಯನ್ ಗೋಥಿಕ್ ಕಟ್ಟಡಗಳ ಜೊತೆಯಲ್ಲಿ, ಯುನೆಸ್ಕೊ ವಿಶ್ವ ಪರಂಪರೆಯ ಮನ್ನಣೆ ದೊರೆತದ್ದು ಒಂಟಿ ಕಟ್ಟಡದ ಬಲದಿಂದಲ್ಲ, ಸಮೂಹದ ಬಲದಿಂದ.

ನಕ್ಷೆಗಳ ಹುಡುಕಾಟ ಮತ್ತು ಜೋಪಾನ

ಕಟ್ಟಡದ ಮೂಲ ನಕ್ಷೆಗಳು ಒಂದೇ ಕಡೆ ಇರುವುದು ಅಪರೂಪ. ವಾಸ್ತುಶಿಲ್ಪಿಯ ಕಚೇರಿಯಲ್ಲಿ ವಿನ್ಯಾಸದ ನಕ್ಷೆಗಳೂ, ರಚನಾ ಎಂಜಿನಿಯರನ ಬಳಿ ಕಂಬಿಯ ವಿವರ ಮತ್ತು ಲೆಕ್ಕಾಚಾರಗಳೂ, ಗುತ್ತಿಗೆದಾರನ ಬಳಿ ಕೆಲಸದ ಜಾಗದಲ್ಲಿ ತಿದ್ದಿದ ಪ್ರತಿಗಳೂ, ಪಾಲಿಕೆಯಲ್ಲಿ ಮಂಜೂರಾದ ನಕ್ಷೆಯೂ, ಮಾಲೀಕ ಸಂಸ್ಥೆಯ ನಿರ್ವಹಣಾ ವಿಭಾಗದಲ್ಲಿ ನೀರು, ಚರಂಡಿ, ವಿದ್ಯುತ್ತಿನ ನಕ್ಷೆಗಳೂ ಹಂಚಿಹೋಗಿರುತ್ತವೆ. ಇವುಗಳಲ್ಲಿ ರಚನಾ ಎಂಜಿನಿಯರನ ಕಾಗದಗಳನ್ನು ಕೇಳುವವರು ಕಡಿಮೆ, ದುರಸ್ತಿಗೆ ಅತ್ಯಗತ್ಯವಾದವು ಅವೇ. ಸರ್ಕಾರಿ ಕಟ್ಟಡವಾದರೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ ನಕ್ಷೆಯ ಪ್ರತಿ ಕೋರಿ ಅರ್ಜಿ ಹಾಕಬಹುದು. ಭದ್ರತೆಯ ಕಾರಣವಿರುವ ಕಟ್ಟಡಗಳ ನಕ್ಷೆಯನ್ನು ನಿರಾಕರಿಸಬಹುದಾದರೂ, 30 ದಿನಗಳಲ್ಲಿ ಉತ್ತರ ಕೊಡುವುದು ಅಧಿಕಾರಿಯ ಕರ್ತವ್ಯ. ಹಳೆಯ ಕಚೇರಿಗಳು ಮುಚ್ಚುವಾಗ, ಹಿರಿಯರು ತೀರಿಕೊಂಡು ಮನೆ ಖಾಲಿ ಮಾಡುವಾಗ ನಕ್ಷೆಗಳ ಕಟ್ಟು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುವುದರಿಂದ ಆ ಕುಟುಂಬಗಳೊಡನೆ ಮುಂಚಿತವಾಗಿಯೇ ಮಾತುಕತೆ ಇಟ್ಟುಕೊಳ್ಳುವುದು ಲೇಸು.

ಸಿಕ್ಕ ಕಟ್ಟನ್ನು ಬಿಚ್ಚುವ ಮೊದಲು ಅದು ಇದ್ದ ಸ್ಥಿತಿಯಲ್ಲೇ ಛಾಯಾಚಿತ್ರ ತೆಗೆದು, ಯಾವ ನಕ್ಷೆ ಯಾವುದರ ಜೊತೆಗಿತ್ತೆಂದು ಬರೆದುಕೊಳ್ಳಬೇಕು. ದಾಖಲೆಗಳನ್ನು ಸೃಷ್ಟಿಸಿದವರು ಇಟ್ಟುಕೊಂಡಿದ್ದ ಮೂಲ ಕ್ರಮವನ್ನು ಕದಡಬಾರದೆಂಬುದು ದಾಖಲಾಗಾರಗಳ ಮೊದಲ ನಿಯಮ. ಒಂದು ಕೊಠಡಿಯ ಕಿಟಕಿಯ ವಿವರ ಅದೇ ಕಟ್ಟಿನಲ್ಲಿದ್ದ ಬಡಗಿಯ ಬಿಲ್ಲಿನಿಂದಲೇ ಅರ್ಥವಾಗುವ ಸಂದರ್ಭಗಳು ಉಂಟು. ಅಂದವಾದ ನಕ್ಷೆಗಳನ್ನು ಆರಿಸಿಕೊಂಡು ಪತ್ರ, ಲೆಕ್ಕಪತ್ರ, ಸ್ಥಳ ಪರಿಶೀಲನೆಯ ಟಿಪ್ಪಣಿಗಳನ್ನು ಎಸೆಯುವವರು ಬೆಲೆಬಾಳುವುದನ್ನೇ ಎಸೆಯುತ್ತಾರೆ.

ಆಮೇಲೆ ಕಾಗದದ ಜಾತಿ ಗುರುತಿಸಬೇಕು, ಏಕೆಂದರೆ ಒಂದಕ್ಕೆ ಒಳ್ಳೆಯದಾದದ್ದು ಇನ್ನೊಂದಕ್ಕೆ ಕೇಡು. ನೀಲಿ ಹಿನ್ನೆಲೆಯಲ್ಲಿ ಬಿಳಿ ಗೆರೆಗಳಿರುವ ಬ್ಲೂಪ್ರಿಂಟ್ ಕಬ್ಬಿಣದ ಲವಣಗಳಿಂದ ಮೂಡಿದ್ದು; ಅದರ ನೀಲಿಗೆ ಬೆಳಕೂ ಶತ್ರು, ಕ್ಷಾರವೂ ಶತ್ರು. ಆಮ್ಲವನ್ನು ತಡೆಯಲೆಂದು ಕ್ಷಾರ ಬೆರೆಸಿ ತಯಾರಿಸಿದ ದಾಖಲಾಗಾರ ದರ್ಜೆಯ ಲಕೋಟೆಗಳು ಬೇರೆ ಹೆಚ್ಚಿನ ಕಾಗದಗಳಿಗೆ ಉತ್ತಮವಾದರೂ ಬ್ಲೂಪ್ರಿಂಟನ್ನು ಮಂಕಾಗಿಸುತ್ತವೆ, ಆದಕಾರಣ ಅದಕ್ಕೆ ಆಮ್ಲವೂ ಕ್ಷಾರವೂ ಇಲ್ಲದ ತಟಸ್ಥ ಕಾಗದವೇ ಆಗಬೇಕು. ನಮ್ಮ ಕಚೇರಿಗಳಲ್ಲಿ ಅಮೋನಿಯಾ ಪ್ರಿಂಟ್ ಎಂದು ಕರೆಯುವ, ತಿಳಿ ಹಿನ್ನೆಲೆಯಲ್ಲಿ ನೀಲಿ ಅಥವಾ ಕಂದು ಗೆರೆಗಳಿರುವ ಪ್ರತಿಗಳು ತಮ್ಮಲ್ಲಿ ಉಳಿದ ರಾಸಾಯನಿಕಗಳನ್ನು ನಿಧಾನವಾಗಿ ಹೊರಬಿಡುತ್ತ ಪಕ್ಕದ ಕಾಗದವನ್ನೂ ಕೆಡಿಸುವುದರಿಂದ ಅವುಗಳನ್ನು ಪ್ರತ್ಯೇಕವಾಗಿ ಇಡಬೇಕು. ಟ್ರೇಸಿಂಗ್ ಪೇಪರ್ ವಯಸ್ಸಾದಂತೆ ಹಪ್ಪಳದಂತೆ ಮುರಿಯುತ್ತದೆ. ಹತ್ತಿಯ ಬಟ್ಟೆಗೆ ಗಂಜಿ ಹಚ್ಚಿ ಮಾಡಿದ ಟ್ರೇಸಿಂಗ್ ಬಟ್ಟೆ ಗಟ್ಟಿಮುಟ್ಟಾದರೂ ಒಂದು ಹನಿ ನೀರು ಬಿದ್ದರೆ ಗಂಜಿ ಕರಗಿ ಶಾಯಿ ಹರಡುತ್ತದೆ, ಆ ಗಂಜಿಯ ಆಸೆಗೆ ಹುಳುಗಳೂ ಬರುತ್ತವೆ.

ನಕ್ಷೆಗಳನ್ನು ಮಡಿಸದೆ ಅಗಲವಾದ ತೆಳು ಡ್ರಾಯರುಗಳಲ್ಲಿ ಹಾಸಿಡುವುದು ಉತ್ತಮ. ಜಾಗವಿಲ್ಲದಿದ್ದರೆ ದಪ್ಪ ಕೊಳವೆಯ ಒಳಗೆ ತುರುಕುವ ಬದಲು ಕೊಳವೆಯ ಮೇಲೆ ಸಡಿಲವಾಗಿ ಸುತ್ತಿ, ತೊಳೆದ ಹತ್ತಿಬಟ್ಟೆಯ ಹೊದಿಕೆ ಹಾಕಬಹುದು. ಗುಂಡುಸೂಜಿ, ಸ್ಟೇಪಲ್ ಪಿನ್ನು, ರಬ್ಬರ್ ಬ್ಯಾಂಡುಗಳನ್ನು ತೆಗೆಯಬೇಕು. ಹರಿದಲ್ಲಿ ಸೆಲ್ಲೊಟೇಪ್ ಅಂಟಿಸುವುದೂ, ಭದ್ರವಾಗಲೆಂದು ಲ್ಯಾಮಿನೇಶನ್ ಮಾಡಿಸುವುದೂ ಒಳ್ಳೆಯ ಉದ್ದೇಶದಿಂದ ಆಗುವ ಅತಿ ದೊಡ್ಡ ಹಾನಿಗಳು, ಅವನ್ನು ಹಿಂತೆಗೆಯಲು ಬರುವುದಿಲ್ಲ. ಗಾಳಿಯ ತೇವಾಂಶ ಶೇಕಡಾ 65ನ್ನು ದಾಟಿ ನಿಂತರೆ ಬೂಷ್ಟು ಹಿಡಿಯುತ್ತದೆ. ಮಳೆಗಾಲದಲ್ಲಿ ಶೇಕಡಾ 80ರ ಮೇಲೆಯೇ ಇರುವ ಕರಾವಳಿ ಮತ್ತು ಮಲೆನಾಡಿನಲ್ಲಿ ತೇವಾಂಶ ಹೀರುವ ಯಂತ್ರವಿಲ್ಲದೆ ಕಾಗದ ಇಟ್ಟುಕೊಳ್ಳುವ ಸಾಹಸಕ್ಕಿಂತ, ಆ ಸಂಗ್ರಹವನ್ನು ಒಣ ಊರಿನ ಸಂಸ್ಥೆಯೊಂದಕ್ಕೆ ಒಪ್ಪಿಸುವುದು ಬುದ್ಧಿವಂತಿಕೆ. ಓಲೆಗರಿಗಳ ನಡುವೆ ಬಜೆಯ ಬೇರು ಇಡುತ್ತಿದ್ದ ರೂಢಿ ಹುಳುಗಳನ್ನು ದೂರವಿಡಲು ಇಂದಿಗೂ ಪ್ರಯೋಜನಕಾರಿಯೇ, ಆದರೆ ಬೇರು ನಕ್ಷೆಗೆ ನೇರವಾಗಿ ತಾಕದಂತೆ ಬಟ್ಟೆಯ ಗಂಟಿನಲ್ಲಿರಬೇಕು. ನಕ್ಷೆ ನೆನೆದರೆ 48 ಗಂಟೆಗಳ ಒಳಗೆ ಫ್ಯಾನಿನ ಗಾಳಿಯಲ್ಲಿ ಒಣಗಿಸಬೇಕು, ಬಿಸಿಲಿಗೆ ಒಡ್ಡಬಾರದು.

ಸ್ಕ್ಯಾನ್ ಮಾಡುವಾಗ ಇಂಚಿಗೆ 300ರಿಂದ 400 ಚುಕ್ಕೆಗಳ ಸಾಂದ್ರತೆ ಸಾಕು. ಮೂಲ ಪ್ರತಿಯನ್ನು ಸಂಕುಚಿಸದ ಟಿಫ್ ರೂಪದಲ್ಲಿ ಉಳಿಸಿ, ಹಂಚಿಕೊಳ್ಳಲು ಮಾತ್ರ ಜೆಪೆಗ್ ಅಥವಾ ಪಿಡಿಎಫ್ ಬಳಸಬೇಕು. ಪ್ರತಿ ಚಿತ್ರದ ಅಂಚಿನಲ್ಲಿ ಅಳತೆಪಟ್ಟಿಯೊಂದು ಕಾಣುವಂತಿರಲಿ, ಇಲ್ಲವಾದರೆ ಮುಂದೆ ಮುದ್ರಿಸುವವರಿಗೆ ನಕ್ಷೆಯ ಪ್ರಮಾಣ ತಿಳಿಯದು. ಉರುಳೆಯೊಳಗೆ ಎಳೆದುಕೊಳ್ಳುವ ಸ್ಕ್ಯಾನರಿಗೆ ಜೀರ್ಣವಾದ ಹಾಳೆಯನ್ನು ಕೊಡದೆ ಮೇಲಿನಿಂದ ಕ್ಯಾಮೆರಾದಲ್ಲಿ ಸೆರೆಹಿಡಿಯುವುದು ಕ್ಷೇಮ. ಕಡತಗಳ ಮೂರು ಪ್ರತಿಗಳು ಎರಡು ಬಗೆಯ ಸಾಧನಗಳಲ್ಲಿದ್ದು, ಒಂದು ಬೇರೆ ಊರಿನಲ್ಲಿರಬೇಕು. ಪ್ರತಿ ಕಡತಕ್ಕೂ ಚೆಕ್‌ಸಮ್, ಅಂದರೆ ಒಳಗಿನ ಒಂದು ಅಂಶ ಬದಲಾದರೂ ತಾನೂ ಬದಲಾಗುವ ಅಂಕಿ ಅಕ್ಷರಗಳ ಗುರುತು ತೆಗೆದಿಟ್ಟರೆ ಕಡತ ಕೆಟ್ಟಿದೆಯೇ ಎಂದು ವರ್ಷಕ್ಕೊಮ್ಮೆ ಪರೀಕ್ಷಿಸಬಹುದು. 1990ರ ದಶಕದಿಂದ ಈಚೆಗೆ ಕಂಪ್ಯೂಟರಿನಲ್ಲೇ ಬರೆದ ನಕ್ಷೆಗಳು ಮಾತ್ರ ಬೇರೆಯದೇ ತಲೆನೋವು: ಫ್ಲಾಪಿ ಮತ್ತು ಸಿಡಿಗಳಲ್ಲಿ ಉಳಿದ ಅವು 1960ರ ಟ್ರೇಸಿಂಗ್ ಬಟ್ಟೆಗಿಂತ ಬೇಗ ಓದಲಾಗದಂತಾಗಿವೆ. ಅಂಥವನ್ನು ಮೂಲ ರೂಪದಲ್ಲೂ, ದೀರ್ಘಕಾಲದ ಬಳಕೆಗೆಂದೇ ರೂಪಿಸಿದ ಪಿಡಿಎಫ್/ಎ ರೂಪದಲ್ಲೂ ತಡಮಾಡದೆ ಎತ್ತಿಡಬೇಕು.

ಕಟ್ಟಡವನ್ನೇ ಓದುವುದು

ನಕ್ಷೆಯಲ್ಲಿದ್ದಂತೆ ಕಟ್ಟಡವಿರುವುದಿಲ್ಲ. ಆದ್ದರಿಂದ ಟೇಪು ಅಥವಾ ಲೇಸರ್ ಮಾಪಕ ಹಿಡಿದು ಅಳೆದು, ಮೂಲಕ್ಕೂ ಇಂದಿಗೂ ಇರುವ ವ್ಯತ್ಯಾಸಗಳನ್ನು ಬೇರೆ ಬಣ್ಣದಲ್ಲಿ ಗುರುತಿಸಬೇಕು. ಯಾವ ಗೋಡೆ ಆಮೇಲೆ ಬಂತು, ಯಾವ ಜಾಲಂಧ್ರವನ್ನು ಹವಾನಿಯಂತ್ರಣಕ್ಕೆಂದು ಮುಚ್ಚಲಾಯಿತು, ಬಿಸಿಲು ತಡೆಯುವ ಸಜ್ಜಾಗಳ ಮೇಲೆ ಏನೇನು ಕೂರಿಸಲಾಯಿತು ಎಂಬುದು ಅದರಿಂದ ಹೊರಬರುತ್ತದೆ. ಛಾಯಾಚಿತ್ರಗಳು ಪ್ರತಿ ಮುಖವನ್ನೂ ಎದುರಿನಿಂದ ನೇರವಾಗಿ ಹಿಡಿದಿರಬೇಕು. ಒಂದು ಚಿತ್ರದ ಮುಕ್ಕಾಲು ಭಾಗ ಮುಂದಿನದರಲ್ಲೂ ಬರುವಂತೆ ಸಾಲಾಗಿ ತೆಗೆದರೆ, ಅವುಗಳಿಂದ ಕಂಪ್ಯೂಟರಿನಲ್ಲಿ ಮೂರು ಆಯಾಮದ ಮಾದರಿ ಕಟ್ಟುವ ಫೋಟೊಗ್ರಾಮೆಟ್ರಿ ಎಂಬ ವಿಧಾನಕ್ಕೂ ಒದಗುತ್ತವೆ. ಬಾಗಿಲ ಹಿಡಿ, ಮೆಟ್ಟಿಲ ಕಟಾಂಜನ, ಮೊಸಾಯಿಕ್ ನೆಲದ ಅಂಚು, ದೀಪ, ನಾಮಫಲಕದ ಅಕ್ಷರ, ಕುರ್ಚಿ ಮೇಜು ಯಾವುದನ್ನೂ ಕ್ಷುಲ್ಲಕವೆಂದು ಬಿಡಬಾರದು. ಚಂಡೀಗಢದ ಸರ್ಕಾರಿ ಕಚೇರಿಗಳಿಗಾಗಿ ವಾಸ್ತುಶಿಲ್ಪಿ ಪಿಯರ್ ಜೀನರೆ ಮತ್ತು ಸಂಗಡಿಗರು ರೂಪಿಸಿದ ಪೀಠೋಪಕರಣಗಳು ಹರಾಜಿನಲ್ಲಿ ಗುಜರಿ ಬೆಲೆಗೆ ಹೋಗಿ ವಿದೇಶದ ಹರಾಜುಕಟ್ಟೆಗಳಲ್ಲಿ ಲಕ್ಷಗಟ್ಟಲೆಗೆ ಮಾರಾಟವಾದ ಮೇಲೆ, 2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಮಾರಾಟ ನಿಲ್ಲಿಸುವಂತೆ ಸೂಚಿಸಬೇಕಾಯಿತು. ಮೊದಲೇ ಎಣಿಸಿ ಸಂಖ್ಯೆ ಬರೆದಿದ್ದರೆ ಆ ನಷ್ಟವನ್ನು ಗುರುತಿಸುವುದಾದರೂ ಸುಲಭವಾಗುತ್ತಿತ್ತು.

ದಾಖಲೆಯ ಅತಿ ಮುಖ್ಯ ಭಾಗ ಕಾಂಕ್ರೀಟಿನ ಆರೋಗ್ಯ. ಹೊಸ ಕಾಂಕ್ರೀಟು ಬಲವಾದ ಕ್ಷಾರ ಗುಣದ್ದಾಗಿದ್ದು, ಆ ಕ್ಷಾರವೇ ಒಳಗಿನ ಉಕ್ಕಿನ ಕಂಬಿಗೆ ತುಕ್ಕು ಹಿಡಿಯದಂತೆ ಕಾಯುತ್ತದೆ. ದಶಕಗಳು ಕಳೆದಂತೆ ಗಾಳಿಯ ಇಂಗಾಲದ ಡೈಆಕ್ಸೈಡ್ ಮೇಲ್ಮೈಯಿಂದ ಒಳಕ್ಕೆ ಇಳಿದು ಕ್ಷಾರವನ್ನು ತಣಿಸುತ್ತ ಹೋಗುತ್ತದೆ; ಕಾರ್ಬೊನೇಶನ್ ಎಂಬ ಈ ಕ್ರಿಯೆ ಕಂಬಿಯ ಮಟ್ಟ ಮುಟ್ಟಿ ನೀರೂ ಜೊತೆಗೂಡಿದರೆ ತುಕ್ಕು ಹುಟ್ಟುತ್ತದೆ, ತುಕ್ಕು ಉಕ್ಕಿಗಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಕಾಂಕ್ರೀಟಿನ ಹೊದಿಕೆ ಒಡೆದು ಚಕ್ಕೆಯಾಗಿ ಉದುರುತ್ತದೆ. ಇದನ್ನು ಪತ್ತೆಹಚ್ಚುವ ಪರೀಕ್ಷೆ ಸರಳ: ಹೊಸದಾಗಿ ಒಡೆದ ಮೇಲ್ಮೈಗೆ ಫಿನಾಲ್‌ಫ್ತಲೀನ್ ದ್ರಾವಣ ಸಿಂಪಡಿಸಿದರೆ ಆರೋಗ್ಯವಾದ ಭಾಗ ಕಡು ಗುಲಾಬಿಯಾಗುತ್ತದೆ, ಕ್ಷಾರ ಕಳೆದುಕೊಂಡ ಭಾಗ ಬಣ್ಣ ತಾಳುವುದಿಲ್ಲ. ಎಲ್ಲಿ ಎಷ್ಟು ಮಿಲಿಮೀಟರ್ ಆಳದವರೆಗೆ ಬಣ್ಣ ಬರಲಿಲ್ಲವೆಂದು ಕಟ್ಟಡದ ನಕ್ಷೆಯ ಮೇಲೆಯೇ ದಿನಾಂಕದೊಡನೆ ಬರೆದಿಟ್ಟರೆ, ಕಟ್ಟಡಕ್ಕೆ ಆಯಸ್ಸು ಮುಗಿಯಿತು ಎಂಬ ಸಾರಾಸಗಟು ಮಾತಿಗೆ ಉತ್ತರ ಕೊಡಬಲ್ಲ ಪುರಾವೆ ಸಿದ್ಧವಾಗುತ್ತದೆ. ದುರಸ್ತಿಯಲ್ಲಿ ಸಡಿಲವಾದ ಭಾಗ ತೆಗೆದು, ಕಂಬಿಯ ತುಕ್ಕು ಉಜ್ಜಿ, ರಕ್ಷಕ ಲೇಪ ಕೊಟ್ಟು, ಮೂಲದ ಮರಳು, ಜಲ್ಲಿ ಮತ್ತು ಹಲಗೆಯ ಗುರುತಿಗೆ ಹೊಂದುವ ಮಿಶ್ರಣ ತುಂಬಬೇಕೇ ಹೊರತು ಇಡೀ ಗೋಡೆಗೆ ಗಾರೆ ಬಳಿದು ಬಣ್ಣ ಹೊಡೆಯಬಾರದು. ಬಣ್ಣ ರೋಗವನ್ನು ಮರೆಮಾಡುತ್ತದೆ, ಗುಣಪಡಿಸುವುದಿಲ್ಲ.

ಅಹಮದಾಬಾದಿನ ಐಐಎಂ ಈ ಚರ್ಚೆಯ ಎರಡೂ ತುದಿಗಳನ್ನು ಒಂದೇ ಆವರಣದಲ್ಲಿ ತೋರಿಸುತ್ತದೆ. ಲೂಯಿ ಕಾನ್ ವಿನ್ಯಾಸದ ಅಲ್ಲಿನ ಗ್ರಂಥಾಲಯವನ್ನು ಬೃಂದಾ ಸೋಮಯ ಅವರ ಸಂಸ್ಥೆ ಕ್ರಮಬದ್ಧವಾಗಿ ಜೀರ್ಣೋದ್ಧಾರ ಮಾಡಿ 2019ರಲ್ಲಿ ಯುನೆಸ್ಕೊದ ಏಷ್ಯಾ ಪೆಸಿಫಿಕ್ ಪ್ರಶಸ್ತಿ ಪಡೆಯಿತು. ಮರುವರ್ಷದ ಡಿಸೆಂಬರಿನಲ್ಲಿ ಅದೇ ಆವರಣದ 18 ವಿದ್ಯಾರ್ಥಿನಿಲಯಗಳಲ್ಲಿ 14ನ್ನು ಸೋರಿಕೆ, ಬಿರುಕುಗಳ ಕಾರಣದಿಂದ ಕೆಡವುವ ಪ್ರಸ್ತಾಪ ಬಂತು, ಜಗತ್ತಿನಾದ್ಯಂತ ವಿರೋಧ ಬಂದಾಗ ಹಿಂದಕ್ಕೆ ಹೋಯಿತು, 2022ರಲ್ಲಿ ಮತ್ತೆ ತಲೆಯೆತ್ತಿತು. ಪಣಜಿಯಲ್ಲಿ ಕೊರಿಯಾ ಅವರ ಕಲಾ ಅಕಾಡೆಮಿಯಲ್ಲಿ 2023ರ ಜುಲೈನಲ್ಲಿ ನವೀಕರಣ ನಡೆಯುತ್ತಿದ್ದಾಗಲೇ ಬಯಲು ರಂಗಮಂದಿರದ ಚಾವಣಿಯ ಭಾಗ ಕುಸಿಯಿತು. ಉಳಿಸುವ ತೀರ್ಮಾನವಾದ ಮಾತ್ರಕ್ಕೆ ಕಟ್ಟಡ ಉಳಿಯದು, ಹೇಗೆ ಉಳಿಸಬೇಕೆಂಬ ತಿಳಿವಳಿಕೆ ಕೈಯಲ್ಲಿರಬೇಕು.

ಆ ತಿಳಿವಳಿಕೆಯ ಬಹುಭಾಗ ಕಾಗದದ ಮೇಲೆ ಇಲ್ಲ. ಕಾಂಕ್ರೀಟಿನ ಮೇಲ್ಮೈಯಲ್ಲಿ ಮರದ ಎಳೆಯ ಗುರುತು ಉಳಿಯುವಂತೆ ಸೆಂಟ್ರಿಂಗ್ ಹಲಗೆ ಜೋಡಿಸಿದ ಬಡಗಿ, ಕಂಬಿ ಕಟ್ಟಿದವರು, ಮೇಸ್ತ್ರಿ, ಸ್ಥಳದ ಎಂಜಿನಿಯರ್, ಆಮೇಲೆ ವರ್ಷಗಟ್ಟಲೆ ತಾರಸಿಯ ಸೋರಿಕೆ ಮುಚ್ಚಿದ ನಿರ್ವಹಣಾ ಸಿಬ್ಬಂದಿ ಇವರ ಮಾತನ್ನು ಅವರ ಒಪ್ಪಿಗೆಪತ್ರ ಪಡೆದು, ಅವರ ಭಾಷೆಯಲ್ಲೇ ಧ್ವನಿಮುದ್ರಿಸಬೇಕು. ಸಾಧ್ಯವಾದರೆ ಕಟ್ಟಡದೊಳಗೆ ಅವರೊಡನೆ ನಡೆಯುತ್ತ ಕೇಳುವುದು ಮೇಲು. ಮಳೆನೀರು ಮೊದಲು ಎಲ್ಲಿ ಜಿನುಗಿತೆಂಬುದನ್ನು ಕುರ್ಚಿಯ ಮೇಲೆ ಕೂತು ಯಾರೂ ನೆನಪಿಸಿಕೊಳ್ಳಲಾರರು.

ಸಂಗ್ರಹದ ನೆಲೆ

ಸಂಗ್ರಹವನ್ನು ಒಪ್ಪಿಸುವಾಗ ಎರಡು ಹಕ್ಕುಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಕಾಗದ ಯಾರ ಬಳಿ ಇದೆಯೋ ಅವರದ್ದೇ ಕೃತಿಸ್ವಾಮ್ಯವೂ ಆಗಬೇಕೆಂದಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ವಾಸ್ತುಶಿಲ್ಪಿಯ ನಕ್ಷೆಗಳ ಮೇಲಿನ ಹಕ್ಕು ಸಾಮಾನ್ಯವಾಗಿ ಅವರ ಜೀವಿತಕಾಲ ಮತ್ತು ಆನಂತರದ 60 ವರ್ಷ ಇರುತ್ತದೆ. ನಿಂತಿರುವ ಕಟ್ಟಡದ ಛಾಯಾಚಿತ್ರ ತೆಗೆದು ಪ್ರಕಟಿಸಲು ಅದೇ ಕಾಯಿದೆ ಅವಕಾಶ ಕೊಟ್ಟಿದೆ. ದಾನಪತ್ರದಲ್ಲಿ ಸಂಗ್ರಹ ಒಡೆಯದಂತೆ ಒಂದೇ ಕಡೆ ಇರುವುದು, ಸಂಶೋಧಕರಿಗೆ ತೆರೆದಿರುವುದು, ಸಂಸ್ಥೆ ಮುಚ್ಚಿದರೆ ಅದು ಎಲ್ಲಿಗೆ ಹೋಗಬೇಕೆಂಬುದು ಈ ಮೂರನ್ನು ಸ್ಪಷ್ಟವಾಗಿ ಬರೆಸಬೇಕು.

ಕೊರಿಯಾ ತಮ್ಮ 6000ಕ್ಕೂ ಹೆಚ್ಚು ನಕ್ಷೆಗಳ ಸಂಗ್ರಹವನ್ನು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಬ್ರಿಟಿಷ್ ಆರ್ಕಿಟೆಕ್ಟ್ಸ್‌ಗೆ ಕೊಟ್ಟರು. ಜೀನರೆ ಅವರ ಕಾಗದಗಳು ಮಾಂಟ್ರಿಯಲ್‌ನ ಕೆನಡಿಯನ್ ಸೆಂಟರ್ ಫಾರ್ ಆರ್ಕಿಟೆಕ್ಚರ್‌ನಲ್ಲಿವೆ. ಇದಕ್ಕೆ ಕೊಟ್ಟವರನ್ನು ದೂರುವುದು ತಪ್ಪು, ಕಾಗದಕ್ಕೆ ಹಿತವಾದ ತಂಪು ಕೋಣೆ ಆಗ ಇಲ್ಲಿ ವಿರಳವಾಗಿತ್ತು. ಈಗ ಅಹಮದಾಬಾದಿನಲ್ಲಿ ಸೆಪ್ಟ್ ವಿಶ್ವವಿದ್ಯಾಲಯದ ದಾಖಲಾಗಾರವಿದೆ. ವಿಜ್ಞಾನದ ಚರಿತ್ರೆಗೆ ಮೀಸಲಾಗಿ 2019ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರವಾದ ಎನ್‌ಸಿಬಿಎಸ್‌ನಲ್ಲಿ ಸಾರ್ವಜನಿಕರಿಗೆ ತೆರೆದ ದಾಖಲಾಗಾರವು ಇಂಥ ಸಂಸ್ಥೆಯನ್ನು ಕಟ್ಟಬಯಸುವವರಿಗೆ ಮಾದರಿಯಾಗಬಲ್ಲದು, ಅದಿರುವ ಆವರಣವೂ ರಾಜ್ ರೇವಾಲ್ ಅವರದ್ದೇ. ಮೂಲಪ್ರತಿಗಳು ಹೊರದೇಶಕ್ಕೆ ಹೋಗುವುದು ಅನಿವಾರ್ಯವಾದರೆ ಪೂರ್ಣ ಗುಣಮಟ್ಟದ ಡಿಜಿಟಲ್ ಪ್ರತಿ ಇಲ್ಲಿನ ಒಂದು ಸಂಸ್ಥೆಯಲ್ಲಿ ಉಳಿಯಬೇಕೆಂಬ ಷರತ್ತು ದಾನಪತ್ರದಲ್ಲಿರಲಿ.

ದಾಖಲಾಗಾರಕ್ಕೆ ಹೋಗುವ ಪ್ರತಿಯ ಜೊತೆಗೇ ಇನ್ನೊಂದು ತೆಳುವಾದ ಪುಸ್ತಕವನ್ನೂ ಸಿದ್ಧಪಡಿಸಿ ಕಟ್ಟಡದ ನಿರ್ವಹಣಾ ಕಚೇರಿಯಲ್ಲೇ ಇಡಬೇಕು. ಅದರಲ್ಲಿ ತಾರಸಿಯ ಇಳಿಜಾರು ಮತ್ತು ನೀರು ಇಳಿಯುವ ಕೊಳವೆಗಳ ನಕ್ಷೆ, ಕೊಳಾಯಿ ಮತ್ತು ವಿದ್ಯುತ್ತಿನ ಮಾರ್ಗಗಳು, ಕಾಂಕ್ರೀಟ್ ಪರೀಕ್ಷೆಯ ಫಲಿತಾಂಶ, ಮೂಲ ಸಾಮಗ್ರಿಗಳ ಮಾದರಿ, ಯಾವುದನ್ನು ಬದಲಿಸಬಾರದು ಎಂಬ ಪಟ್ಟಿ ಇವು ಕನ್ನಡದಲ್ಲಿ, ಮೇಸ್ತ್ರಿಗೆ ಅರ್ಥವಾಗುವಂತೆ ಇರಬೇಕು. ಪ್ರತಿ ವರ್ಷ ಮುಂಗಾರಿಗೆ ಮುನ್ನ ಆ ಪುಸ್ತಕ ಹಿಡಿದು ತಾರಸಿ ಹತ್ತಿ, ಕಂಡ ಬಿರುಕುಗಳನ್ನೂ ಮಾಡಿದ ದುರಸ್ತಿಗಳನ್ನೂ ದಿನಾಂಕ ಸಹಿತ ಸೇರಿಸಿ, ಆ ಹಾಳೆಗಳ ನಕಲನ್ನು ದಾಖಲಾಗಾರಕ್ಕೆ ಕಳುಹಿಸಬೇಕು.